ಒಂದು ದಿನ ಮೊದಲೇ ಕಪ್ಪಾದ ಬೆರಳು

ಓಟು ಹಾಕಿದವರ ಬೆರಳಿಗೆ ಶಾಯಿ ಹಚ್ಚಬೇಕು ಅಂತ ಸರ್ಕಾರಕ್ಕೆ ಬುದ್ಧಿ ಹೇಳಿಕೊಟ್ಟವನು ನಾನೇ. ಸುಳ್ಳು! ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೆ ಹಾಲೇಶನ ಕಥೆ ಕೇಳಿ. ಸುಳ್ಳು ಸೇರಿಸೋಣ ಅಂದರೆ ಇದರಲ್ಲಿ ಜಾಗವೇ ಇಲ್ಲ.

ಹಾಲೇಶ ಒಂದೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದ. ಕಾಲೇಜಿನಿಂದ ಹಾಸ್ಟೆಲಿಗೆ ಹೋಗುವ ರಸ್ತೆಯಲ್ಲಿ ಒಂದು ದೀಪವೂ ಇರಲಿಲ್ಲ. ಲೈಬ್ರರಿ ಮುಗಿಸಿ ಬರುವ ಹುಡುಗಿಯರು ಮೊಬೈಲ್ ಬೆಳಕು ಹಿಡಿದು, ಗುಂಪು ಕಟ್ಟಿಕೊಂಡು ಓಡೋಡಿ ಬರಬೇಕು. ಹಾಲೇಶ ತನ್ನ ಕ್ಲಾಸಿನ ಕೌಸರ್‌ಳನ್ನು ಕರೆದುಕೊಂಡು ವಾರ್ಡಿನ ಮೆಂಬರ್ ಹತ್ತಿರ ದೀಪದ ಕಂಬ ಕೇಳಲು ಹೋದ.

ಮೆಂಬರು ಎಲೆಗೆ ಸುಣ್ಣ ಸವರುತ್ತಾ ಕೇಳಿದರು, "ಇಲ್ಲಿ ನಿಮಗೆ ಓಟಿದೆಯೇನಪ್ಪಾ?"

"ಇಲ್ಲ ಸಾರ್."

"ಹಂಗಾದ್ರೆ ಕಂಬಾನೂ ಇಲ್ಲ."

ಆ ಮಾತು ಹಾಲೇಶನಿಗೆ ನಾಟಿತು. ಮಾರನೇ ದಿನದಿಂದಲೇ ರೂಮು ರೂಮಿಗೂ ಹೊಕ್ಕ. ಹದಿನೆಂಟು ತುಂಬಿದವರನ್ನೆಲ್ಲ ಹಿಡಿದು ಕೂರಿಸಿ ಅರ್ಜಿ ತುಂಬಿಸಿದ. ವಿಳಾಸಕ್ಕಾಗಿ ವಾರ್ಡನ್ ಹಿಂದೆ ಸುತ್ತಿದ. ಹುಡುಗಿಯರ ಹಾಸ್ಟೆಲನ್ನು ಕೌಸರ್ ನೋಡಿಕೊಂಡಳು.

"ನನ್ನ ಓಟು ನಮ್ಮಪ್ಪ ಹೇಳಿದವರಿಗೆ ಕಣೋ, ನಾನ್ಯಾಕೆ ಬರ್ಲಿ?" ಅಂದ ಒಬ್ಬ.

"ನಿನ್ನ ಊಟಾನೂ ನಿಮ್ಮಪ್ಪನೇ ಮಾಡ್ತಾರೇನೋ?" ಅಂದ ಹಾಲೇಶ. ಅವನೂ ಸಹಿ ಹಾಕಿದ.

ಅಂತೂ ಎಲ್ಲರ ಹೆಸರೂ ಪಟ್ಟಿಗೆ ಬಂತು. ಇನ್ನು ಬೂತಿಗೆ ಹೋಗಿ ಗುಂಡಿ ಒತ್ತುವುದೊಂದೇ ಬಾಕಿ.

ಓಟಿನ ಹಿಂದಿನ ದಿನ ಹಾಲೇಶನ ತಲೆಗೆ ಒಂದು ಹುಳ ಹೊಕ್ಕಿತು. ರಜೆ ಸಿಕ್ಕಿತು ಅಂತ ನಾಳೆ ಎಲ್ಲ ಮುಸುಕು ಹೊದ್ದು ಮಲಗಿಬಿಟ್ಟರೆ? ಇವತ್ತೇ ಹುರುಪು ತುಂಬಬೇಕು. ಕೆಮಿಸ್ಟ್ರಿ ಲ್ಯಾಬಿನಿಂದ ಸಿಲ್ವರ್ ನೈಟ್ರೇಟ್ ಬಾಟಲಿ ತಂದ.

"ಅಸಲಿ ಶಾಯಿಯಲ್ಲಿ ಇರೋದೂ ಇದೇ ಕಣ್ರೋ! ಕೈ ಕೊಡಿ, ಫೋಟೋ ಹೊಡೆಯೋಣ."

ಕೈಗೆ ಗ್ಲೌಸ್ ತೊಟ್ಟು, ಬ್ರಷ್ ಹಿಡಿದು ಒಬ್ಬೊಬ್ಬರಿಗೇ ಹಚ್ಚಿದ. ಬಲಗೈ ಚಾಚಿದವರಿಗೆ ಬೈದು ಎಡಗೈ ಕೇಳಿದ. ಹೆಬ್ಬೆರಳು ಕೊಟ್ಟವರಿಗೆ ತೋರುಬೆರಳು ಕೊಡಿ ಅಂದ. ಎಲ್ಲ ಪಕ್ಕಾ ಇರಬೇಕಲ್ಲ! ಹಚ್ಚಿದಾಗ ನೀರಿನ ಹಾಗೆ ಕಂಡದ್ದು ಬಿಸಿಲಿಗೆ ಬಂದಕೂಡಲೇ ಕಪ್ಪಾಯಿತು. ಹೋ ಎಂದು ಕೂಗಿದರು. ಬೆರಳು ಎತ್ತಿ ಫೋಟೋ ಹೊಡೆಸಿಕೊಂಡರು.

ಮಾರನೇ ದಿನ ಬೆಳಿಗ್ಗೆ ಒಬ್ಬರೂ ಮಲಗಿರಲಿಲ್ಲ. ಸರ್ಕಾರಿ ಶಾಲೆಯ ಬೂತಿನ ಮುಂದೆ ಸಾಲು ರಸ್ತೆಯವರೆಗೂ ಬಂತು. ಮೊದಲು ಕೌಸರ್. ಹೆಸರು ಸಿಕ್ಕಿತು. ಗುರುತಿನ ಚೀಟಿ ಸರಿಯಿತ್ತು.

"ಎಡಗೈ ತೋರ್ಸಮ್ಮಾ," ಅಂದರು ಶಾಯಿ ಹಚ್ಚುವ ಮೇಡಂ. ನೋಡಿದವರೇ ಕಡ್ಡಿ ಕೆಳಗಿಟ್ಟರು. "ಆಗ್ಲೇ ಓಟು ಹಾಕಿದ್ದೀಯಲ್ಲ! ಎಲ್ಲಿ?"

"ಇಲ್ಲ ಮೇಡಂ... ಇದು ನಾವೇ ಹಚ್ಕೊಂಡಿದ್ದು."

"ನೀವೇ ಹಚ್ಕೊಂಡಿದ್ದಾ?" ಮೇಡಂ ಹೌಹಾರಿದರು. ಬೂತಿನ ದೊಡ್ಡ ಸಾಹೇಬರು ಎದ್ದು ಬಂದರು. ಸಾಲಿನಲ್ಲಿದ್ದ ಹಾಸ್ಟೆಲಿನವರ ಬೆರಳು ನೋಡಿದರು. ಎಲ್ಲವೂ ಕಪ್ಪು.

"ಮಕ್ಕಳಾ, ಗುರುತು ಇದ್ದವರನ್ನ ಓಟು ಹಾಕೋಕೆ ಬಿಡೋ ಕಾನೂನಿಲ್ಲ. ನನ್ನ ಕೈಯಲ್ಲಿ ಏನೂ ಇಲ್ಲ."

ಶಾಲೆಯ ನಲ್ಲಿಗೆ ಓಡಿದರು. ಸೋಪು ಹಾಕಿದರು, ನಿಂಬೆಹಣ್ಣು ತಿಕ್ಕಿದರು, ಕಲ್ಲಿಗೆ ಉಜ್ಜಿದರು. ಸುತ್ತಲ ಚರ್ಮ ಕೆಂಪಾಯಿತೇ ಹೊರತು ಕಪ್ಪು ಅಲ್ಲಾಡಲಿಲ್ಲ.

ಹಾಲೇಶ ಗೇಟಿನ ಹತ್ತಿರ ಕಲ್ಲಿನ ಹಾಗೆ ನಿಂತಿದ್ದ. ಗ್ಲೌಸ್ ತೊಟ್ಟಿದ್ದ ಅವನ ಬೆರಳೊಂದೇ ಸ್ವಚ್ಛವಾಗಿತ್ತು.

"ನಾನೂ ಹಾಕಲ್ಲ," ಅಂದ. "ಯಾವ ಮುಖ ಇಟ್ಕೊಂಡು ಒಳಗೆ ಹೋಗ್ಲಿ?"

ಕೌಸರ್ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. "ನಮ್ಮದೆಲ್ಲಾ ಕಳೆದಿದ್ದು ಸಾಲ್ದಾ? ಉಳಿದಿರೋ ಒಂದನ್ನೂ ಕಳೀತೀಯಾ? ನಡಿಯೋ ಒಳಗೆ!"

ಹೋದ. ಗುಂಡಿ ಒತ್ತಿದ. ಪೀಂ ಅಂತ ಸದ್ದಾಯಿತು. ಹೊರಗೆ ಬಂದಾಗ ಅವನ ಬೆರಳಿಗೂ ಅದೇ ಕಪ್ಪು ಗೆರೆ.

ಅಷ್ಟರಲ್ಲಿ ಪೇಪರಿನ ಫೋಟೋಗ್ರಾಫರ್ ಬೈಕಿನಲ್ಲಿ ಬಂದ. ಇಷ್ಟೊಂದು ಕಪ್ಪು ಬೆರಳು ಕಂಡು ಅವನಿಗೆ ಹಬ್ಬವಾಯಿತು. "ಭೇಷ್! ಎಲ್ಲಾ ಬೆರಳು ಮೇಲೆತ್ತಿ, ಸ್ಮೈಲ್!"

ಒಬ್ಬರೂ ಎತ್ತಲಿಲ್ಲ.

"ಇದರಲ್ಲಿ ಒಂದೇ ನಿಜ ಸಾರ್," ಅಂದಳು ಕೌಸರ್.

"ಹೌದಾ? ಯಾವುದು?"

ಹಾಲೇಶ ಕೈಯನ್ನು ಜೇಬಿಗೆ ತುರುಕಿಕೊಂಡ. ಫೋಟೋ ತೆಗೆಯದೆ ಬೈಕು ಹೋಯಿತು. ಎಲ್ಲರೂ ಕಂಬವಿಲ್ಲದ ಅದೇ ರಸ್ತೆಯಲ್ಲಿ ವಾಪಸು ನಡೆದರು.

ನೀತಿ: ಕೆಲಸ ಮುಗಿಯುವ ಮೊದಲೇ ಮುಗಿಸಿದ ಗುರುತು ಹಾಕಿಕೊಂಡವರಿಗೆ ಆ ಕೆಲಸ ಮಾಡುವ ಬಾಗಿಲೇ ಮುಚ್ಚಿಹೋಗುತ್ತದೆ. ಮೊದಲು ಓಟು, ಆಮೇಲೆ ಬೆರಳು.

ಅಂದಹಾಗೆ ಸ್ವಾಮಿ, ನನ್ನ ಟೀ ಗ್ಲಾಸು ಖಾಲಿ. ಹಾಲೇಶನನ್ನು ನೆನೆದು ನನ್ನ ಕೈಯೂ ಜೇಬಿನಿಂದ ಆಚೆ ಬರ್ತಿಲ್ಲ. ದುಡ್ಡು ನೀವೇ ಕೊಟ್ಟುಬಿಡಿ.