ಕೊಸರು ಕೇಳಿದ ಭರಮ

ಹೂಂ ಅನ್ನುವವರಿದ್ದರೆ ಹೇಳುತ್ತೇನೆ. ಆಕಳಿಸುವವರು ಈಗಲೇ ಎದ್ದು ಹೋಗಿಬಿಡಿ.

ಹಳೇಪಟ್ಟಣ, ನವಪಟ್ಟಣ ಅಂತ ಎರಡು ಪಟ್ಟಣ. ನಡುವೆ ಒಂದು ಹೊಳೆ. ಹಳೇಪಟ್ಟಣದ ಸಂತೆಕಟ್ಟೆಯ ಮೂಲೆಯಲ್ಲಿ ಬಾಳವ್ವ ಅನ್ನುವ ವಿಧವೆ ಒಲೆ ಹೂಡಿ ಜೋಳದ ರೊಟ್ಟಿ ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಭರಮ. ಎತ್ತಿನಂಥ ಮೈ, ಚೊಕ್ಕ ಮನಸ್ಸು, ತಲೆ ಮಾತ್ರ ಖಾಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವ್ವನ ತಲೆನೋವೇ ಅದು.

ಆ ಒಲೆಯ ಜಾಗದ ಮೇಲೆ ಬಾಳವ್ವನ ಭಾವ ಸಂಗಣ್ಣನ ಕಣ್ಣು. ಅಲ್ಲಿ ಅವನಿಗೆ ಅಂಗಡಿ ಹಾಕಬೇಕು. ಒಂದು ದಿನ ಪಂಚರನ್ನು ಕೂಡಿಸಿ, ಬೆಣ್ಣೆಯಂಥ ದನಿಯಲ್ಲಿ ಹೇಳಿದ: "ಈ ತುಟ್ಟಿ ಊರಾಗ ಯಾಕ ಸಾಯ್ತಿ ಬಾಳವ್ವಾ? ನವಪಟ್ಟಣದಾಗ ಎಲ್ಲಾ ಅರ್ಧ ರೇಟು. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ, ಅಲ್ಲಿಗೆ ಹೋಗಿ ಬದುಕು."

ಪಂಚರು ತಲೆಯಾಡಿಸಿದರು. "ನೋಡಿ ಬರ್ರಿ. ಅಲ್ಲಿ ಅಗ್ಗ ಇದ್ರ ನೀ ಹೋಗಬೇಕವ್ವಾ. ಇಲ್ಲಾಂದ್ರ ಇಲ್ಲೇ ಇರು."

"ನೋಡೇಬಿಡೋಣು!" ಎಂದು ಬಾಳವ್ವ ಸೆರಗು ಬಿಗಿದಳು. ತಾನೇ ಹೋಗೋಣವೆಂದರೆ, ಒಲೆ ಬಿಟ್ಟು ಎದ್ದ ಕೂಡಲೇ ಭಾವ ಅಲ್ಲಿ ಗೂಟ ಹೊಡೆಯುವವನೇ. ಬೇರೆ ದಿಕ್ಕಿಲ್ಲದೆ ಮಗನನ್ನು ಕರೆದಳು.

"ಏ ಭರಮ್ಯಾ, ನವಪಟ್ಟಣಕ್ಕ ಹೋಗು. ಕಣ್ಣಿಗೆ ಬಿದ್ದದ್ದರ ಬೆಲಿ ಕೇಳಿಕೊಂಡು ಬಾ."

"ಹೂಂ!"

ಹೋದ. ಮೊದಲು ಕಣ್ಣಿಗೆ ಬಿದ್ದದ್ದು ಕಾವಲುಗಾರನ ಮೀಸೆ. "ಈ ಮೀಸಿ ಎಷ್ಟರಿ?" ಬೆನ್ನಿಗೊಂದು ಗುದ್ದು ಬಿತ್ತು. ಆಮೇಲೆ ಮದುವೆಯ ದಿಬ್ಬಣ ಎದುರಾಯಿತು. "ಈ ಮದುಮಗಳು ಎಷ್ಟರಿ?" ಬೀಗರೆಲ್ಲ ಸೇರಿ ಹೊಳೆ ದಂಡೆಯ ತನಕ ಅಟ್ಟಿದರು.

"ಮನಶ್ಯಾರ ಬೆಲಿ ಕೇಳ್ತಾರೇನೋ ಖೋಡಿ!" ಬಾಳವ್ವ ಹಣೆ ಬಡಿದುಕೊಂಡಳು.

"ನೀನ ಹೇಳಿದ್ದಿ!" ಭರಮ ಎದೆ ಸೆಟೆಸಿ ನಿಂತ.

"ಬಾಯಿ ಮುಚ್ಚು! ಕಾಯಿಪಲ್ಲೆ ಕೊಳ್ಳು. ಮತ್ತ ಕೊಟ್ಟಷ್ಟ ತಗೊಂಡು ಸುಮ್ಮನ ಬರಬ್ಯಾಡ. ಅವರು ಏನು ಕೊಟ್ಟರೂ ಮ್ಯಾಲೆ ಕೊಸರು ಕೇಳು!"

ಹಳೇಪಟ್ಟಣದಲ್ಲಿ ಕೊಸರಿಲ್ಲದೆ ವ್ಯಾಪಾರವೇ ಇಲ್ಲ. ತೂಕ ಮುಗಿದ ಮೇಲೆ ಒಂದು ಹಿಡಿ ಮೆಣಸಿನಕಾಯಿಯನ್ನೋ ನಾಲ್ಕು ಎಳೆ ಕೊತ್ತಂಬರಿಯನ್ನೋ ಬಿಟ್ಟಿಯಾಗಿ ಹಾಕಲೇಬೇಕು. ಬಡವರ ಮನೆ ಸಾರಿಗೆ ರುಚಿ ಬರುವುದೇ ಅದರಿಂದ.

ಭರಮ ಮತ್ತೆ ನವಪಟ್ಟಣಕ್ಕೆ ಹೋಗಿ ಬದನೆಕಾಯಿ ಕೊಂಡ. "ಕೊಸರು?"

"ಹಂಗಂದ್ರೇನು? ತೂಕದ ಮ್ಯಾಲೆ ಒಂದು ಎಲಿನೂ ಇಲ್ಲ, ನಡಿ!"

"ಕೊಸರು!"

ಅಂಗಡಿಯವನು ಕಪಾಳಕ್ಕೆ ಒಂದು ಬಿಗಿದ. ಭರಮ ಕದಲಲಿಲ್ಲ. "ಇದಕ್ಕ ಕೊಸರು?" ಇನ್ನೊಂದು ಬಿತ್ತು. ಖುಷಿಯಾಗಿ ಮುಂದೆ ನಡೆದ. ಕ್ಷೌರದವನ ಹತ್ತಿರ ಗಡ್ಡ ಬೋಳಿಸಿಕೊಂಡು, "ಕೊಸರು?" ಎಂದ. ಅವನು ರೇಗಿ ಹುಬ್ಬನ್ನೂ ಬೋಳಿಸಿ ಕಳಿಸಿದ.

ಹುಬ್ಬಿಲ್ಲದ ಮಗನನ್ನು ಕಂಡು ಬಾಳವ್ವ ಹೌಹಾರಿದಳು. "ಪಲ್ಲೆಕ್ಕ ಕೊಸರು ಹಾಕಿದ್ರೇನೋ?"

"ಪಲ್ಲೆಕ್ಕ ಇಲ್ಲವ್ವಾ. ಏಟಿಗೆ ಹಾಕಿದ್ರು."

ಅವಳ ಸಿಟ್ಟು ಈಗ ಭಾವನ ಕಡೆ ತಿರುಗಿತು. "ಅರ್ಧ ರೇಟಂತ, ಅರ್ಧ ರೇಟು! ಹಿಡಿ ಕೊತ್ತಂಬರಿ ಕೊಡದ ಊರಾಗ ಬಡವಿ ಬದುಕೋದು ಹೆಂಗ? ಅಷ್ಟು ಅಗ್ಗ ಇದ್ರ ನಿಮ್ಮ ದೊಡ್ಡಪ್ಪನ ಹೋಗಿ ಅಲ್ಲಿ ಇರಲಿ!"

"ಹೂಂ!" ಅಂದ ಭರಮ.

ಮಟಮಟ ಮಧ್ಯಾಹ್ನ. ಸಂಗಣ್ಣ ಹೊಟ್ಟೆ ತುಂಬ ಉಂಡು ಜಗಲಿಯ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದ. ಭರಮ ಅವನ ಜೋಡು, ರುಮಾಲುಗಳನ್ನೂ ಮೇಲಿಟ್ಟು, ಮಂಚದ ಸಮೇತ ದೊಡ್ಡಪ್ಪನನ್ನು ತಲೆಯ ಮೇಲೆ ಹೊತ್ತ. ಹೊಳೆಯಲ್ಲಿ ಮೊಣಕಾಲುದ್ದ ನೀರು, ದಾಟಿದ. ನವಪಟ್ಟಣದ ಪೇಟೆಯ ನಟ್ಟನಡುವೆ ಇಳಿಸಿ, "ಸುಖದಿಂದ ಇರ್ರಿ ದೊಡ್ಡಪ್ಪಾ" ಎಂದು ಕೈಮುಗಿದು ಬಂದುಬಿಟ್ಟ.

ಸಂಜೆಗೆ ಸಂಗಣ್ಣ ಓಡಿ ಬಂದ. ಕಾಲಲ್ಲಿ ಜೋಡಿಲ್ಲ, ತಲೆಯಲ್ಲಿ ರುಮಾಲಿಲ್ಲ. ಪಂಚರೆದುರು ಬಾಯಿ ಬಾಯಿ ಬಡಿದುಕೊಂಡ: "ಸುಲಿಗಿರಿ, ಬರೇ ಸುಲಿಗಿ! ಮಂಚ ಇಟ್ಟ ಜಾಗಕ್ಕ ಬಾಡಿಗಿ! ಕುಡಿಯೋ ನೀರಿಗೆ ರೊಕ್ಕ! ನೆರಳಾಗ ನಿಂತದ್ದಕ್ಕೂ ರೊಕ್ಕ! ಕೊಡಾಕ ಇಲ್ಲಂದ್ರ ಮಂಚ, ರುಮಾಲು, ಜೋಡು ಎಲ್ಲಾ ಕಸಕೊಂಡ್ರು!"

ಹಿರಿಯ ಪಂಚ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಕೇಳಿದ: "ಹಂಗಾರ ಅದು ತುಟ್ಟಿ ಊರು ಅಂದಂಗಾತು?"

ಸಂಗಣ್ಣ ಬರಿಗಾಲಲ್ಲೇ ಮನೆಯ ದಾರಿ ಹಿಡಿದ.

"ಇಲ್ಲೇ ಒಲಿ ಹಚ್ಚತೀನಿ, ಇಲ್ಲೇ ರೊಟ್ಟಿ ಬಡೀತೀನಿ!" ಬಾಳವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. "ಎಬ್ಬಸವರು ಯಾರದಾರ, ಬರ್ರಿ ನೋಡೋಣು!" ಗೆದ್ದ ಹಿಗ್ಗು ಅವಳ ಮುಖದ ತುಂಬ ಇತ್ತು. ಅದೇ ಹಿಗ್ಗಿನಲ್ಲಿ ಮಗನಿಗೆ ಹೇಳಿದಳು: "ಇನ್ನ ನನ್ನ ಒಲಿ ಹತ್ರ ಯಾರೂ ಸುಳೀಬಾರದು. ಕಾಯ್ಕೊಂಡು ನಿಲ್ಲು!"

"ಹೂಂ!"

ಮರುದಿನ ಬೆಳಿಗ್ಗೆ ಹಿಟ್ಟಿನ ಬುಟ್ಟಿ ಹೊತ್ತು ಬಂದಳು. ಭರಮ ಊದುಗೊಳವೆ ಎತ್ತಿ ಅಡ್ಡ ನಿಂತ. "ಅಲ್ಲೇ ನಿಲ್ಲು!"

"ನಾನೋ! ನಿಮ್ಮವ್ವ!"

"ಯಾರೂ ಅಂದ್ರ ಯಾರೂ ಇಲ್ಲ!"

ಬೈದಳು, ಬೇಡಿದಳು. ಪಂಚರೂ ಬಂದು ಕೇಳಿಕೊಂಡರು. ಊದುಗೊಳವೆ ಕೆಳಗಿಳಿಯಲಿಲ್ಲ. ಆವತ್ತು ಪಂಚರು ಉಪವಾಸ, ಸಂತೆ ಉಪವಾಸ, ಭರಮನೂ ಉಪವಾಸ.