ಎತ್ತುಗಳ ಬಾಯಿ ನೋಡುತ್ತಿದ್ದ ವ್ಯಾಪಾರಿ

"ಗುರುಗಳೇ, ಬೆಳಗ್ಗೆ ಎದ್ದು ಹಲ್ಲುಜ್ಜಬೇಕು ಎಂದಿರಿ, ಒಪ್ಪಿದೆ. ರಾತ್ರಿ ಉಂಡ ಮೇಲೂ ಉಜ್ಜಬೇಕು ಎನ್ನುತ್ತೀರಿ. ಮಲಗಿದ ಮೇಲೆ ಯಾರ ಹತ್ತಿರ ಮಾತಾಡುವುದಿದೆ? ಮೈಯೆಲ್ಲ ಗಟ್ಟಿಯಾಗಿರುವಾಗ ಬಾಯೊಂದು ಹೇಗಿದ್ದರೇನು?" ಎಂದು ಶಿಷ್ಯ ಕೇಳಿದ.

ಶಿಷ್ಯ ಗಟ್ಟಿಮುಟ್ಟಾದವನು. ಸೂರ್ಯನಮಸ್ಕಾರ ಹಾಕುತ್ತಿದ್ದ, ತಣ್ಣೀರಿನಲ್ಲಿ ಮೀಯುತ್ತಿದ್ದ, ಏಕಾದಶಿಯ ದಿನ ನೀರನ್ನೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನು ಆಗಲೇ ಗೆದ್ದವನ ದನಿಯಲ್ಲಿ ಕೇಳಿದ್ದ.

ಗುರುಗಳು ತೊಡೆ ತಟ್ಟಿದರು. "ಭಲೆ! ಈ ಪ್ರಶ್ನೆಗೆ ಉತ್ತರ ಬಲ್ಲವರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬನನ್ನು ನಾನಿನ್ನೂ ನೋಡಿಲ್ಲ. ಕುಳಿತುಕೋ, ಕತೆ ಹೇಳುತ್ತೇನೆ. ಎಲ್ಲಿ ಸುಳ್ಳು ಸೇರುತ್ತದೋ ಅಲ್ಲಿ ನಾನೇ ಕೆಮ್ಮುತ್ತೇನೆ, ನೀನು ಹುಡುಕುವ ಕಷ್ಟ ಬೇಡ."

ಒಬ್ಬ ಎತ್ತಿನ ವ್ಯಾಪಾರಿಯಿದ್ದ. ಈ ವಾರ ಒಂದು ಊರಿನ ದನದ ಸಂತೆ, ಬರುವ ವಾರ ಇನ್ನೊಂದು ಊರಿನದು, ಇದೇ ಅವನ ಬದುಕು. ಎತ್ತು ಕೊಳ್ಳುವಾಗ ಅವನು ಕೊಂಬು ನೋಡುತ್ತಿರಲಿಲ್ಲ, ಬಣ್ಣ ನೋಡುತ್ತಿರಲಿಲ್ಲ. ಒಂದು ಕೈಯಲ್ಲಿ ಮೂಗುದಾರ ಹಿಡಿದು, ಇನ್ನೊಂದು ಕೈಯಲ್ಲಿ ಕೆಳತುಟಿ ಎಳೆದು, ಬಾಯಿ ನೋಡುತ್ತಿದ್ದ. ಒಂದು ನೋಟ ಸಾಕು. ವಯಸ್ಸು ಹೇಳುತ್ತಿದ್ದ. ತಿಂದ ಮೇವು ಹೇಳುತ್ತಿದ್ದ. ಗಾಡಿಗೆ ಹೂಡಿದ್ದೋ ನೇಗಿಲಿಗೆ ಹೂಡಿದ್ದೋ ಹೇಳುತ್ತಿದ್ದ. ಮುಂದಿನ ಬೇಸಿಗೆಯಲ್ಲಿ ಯಾವ ಕಾಲು ಕುಂಟುತ್ತದೆ ಎಂಬುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಒಂದು ಎತ್ತಿನ ಬಾಯಿ ನೋಡಿ, ಅದರ ಅಜ್ಜಿ ಯಾವ ಕೆರೆಯ ನೀರು ಕುಡಿದಿತ್ತು ಎಂದು ಹೇಳಿಬಿಟ್ಟ. ಮಾರಲು ಬಂದ ರೈತ ಊರಿಗೆ ಓಡಿ, ತನ್ನ ಅಜ್ಜಿಯನ್ನು ಕೇಳಿಕೊಂಡು ಬಂದ. ಕೆರೆ ಅದೇ ಆಗಿತ್ತು.

ಇಲ್ಲಿ ಗುರುಗಳು ಸಣ್ಣಗೆ ಕೆಮ್ಮಿದರು.

"ಎತ್ತಿನ ಮೈ ಸುಳ್ಳು ಹೇಳಬಹುದು," ಎನ್ನುತ್ತಿದ್ದ ವ್ಯಾಪಾರಿ. "ಎಣ್ಣೆ ಹಚ್ಚಿದರೆ ಚರ್ಮ ಮಿಂಚುತ್ತದೆ. ಕೊಂಬು ಹೆರೆದರೆ ಮುದಿಯೆತ್ತು ಹೋರಿಯ ಹಾಗೆ ಕಾಣುತ್ತದೆ. ಬಾಯಿಗೆ ಏನು ಹಚ್ಚುತ್ತೀರಿ? ಬಾಯಿ ಕೆಟ್ಟರೆ ಮೇವು ನುಣ್ಣಗಾಗುವುದಿಲ್ಲ. ಮೇವು ನುಣ್ಣಗಾಗದಿದ್ದರೆ ರಕ್ತ ಎಲ್ಲಿಂದ ಬರಬೇಕು, ಬಲ ಎಲ್ಲಿಂದ ಬರಬೇಕು?"

ಈ ಮಾತು ಕೇಳಲು ಸಂತೆಯ ಜನ ಸುತ್ತ ಸೇರುತ್ತಿದ್ದರು. ಸೇರುತ್ತಿದ್ದರು, ಆದರೆ ಎರಡು ಮಾರು ದೂರದಲ್ಲಿ. ಯಾಕೆಂದರೆ ಆ ಮಾತು ಬರುತ್ತಿದ್ದ ಬಾಯಿ ಅಂಥದ್ದು.

ವ್ಯಾಪಾರಿ ಎದ್ದಾಗಿನಿಂದ ಎಲೆ, ಅಡಿಕೆ, ಹೊಗೆಸೊಪ್ಪು ಮೆಲ್ಲುತ್ತಿದ್ದ. ರಾತ್ರಿ ಅದನ್ನೇ ದವಡೆಗೆ ಒತ್ತಿಕೊಂಡು ಮಲಗುತ್ತಿದ್ದ. ಬೆಳಗ್ಗೆ ಒಂದು ಗುಟುಕು ನೀರು ಮುಕ್ಕಳಿಸಿ ಉಗುಳಿದರೆ ಅವನ ಬಾಯಿಯ ಸ್ನಾನ ಮುಗಿಯಿತು. ಹೆಂಡತಿ ದಿನವೂ ಬಚ್ಚಲ ಕಟ್ಟೆಯ ಮೇಲೆ ಒಂದು ಬೇವಿನ ಕಡ್ಡಿ ಇಡುತ್ತಿದ್ದಳು. ಅವನು ದಿನವೂ ಅದನ್ನು ಒಯ್ದು ಎತ್ತಿನ ಕಿವಿ ತುರಿಸುತ್ತಿದ್ದ. ಅವನು ಆಕಳಿಸಿದರೆ, ಬೆಲ್ಲದ ಮೇಲೆ ಕೂರಲು ಬಂದ ನೊಣ ಬೆಲ್ಲ ಬಿಟ್ಟು ಪಕ್ಕದ ಊರಿನ ದಾರಿ ಹಿಡಿಯುತ್ತಿತ್ತು.

ಗುರುಗಳು ಕೆಮ್ಮಲಿಲ್ಲ.

ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವಲಿನ ಕೆಳಗೆ ಕೈ ಇಡುತ್ತಾರೆ. ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳೇ ಬೆಲೆ. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದಷ್ಟೇ ಕಾಣುತ್ತದೆ. ಗುಟ್ಟಿನ ಮಾತುಕತೆಯಾದ್ದರಿಂದ ಇಬ್ಬರೂ ತಲೆಗೆ ತಲೆ ತಾಗುವಷ್ಟು ಹತ್ತಿರ ನಿಲ್ಲಬೇಕು.

ನಮ್ಮ ವ್ಯಾಪಾರಿಯ ಜತೆ ಟವಲಿನ ಕೆಳಗೆ ಕೈ ಇಟ್ಟವರು ಯಾರೂ ಚೌಕಾಸಿ ಮಾಡಲಿಲ್ಲ. ಅವನು ಮೊದಲು ಹಿಡಿದ ಬೆರಳಿಗೇ ಹೂಂ ಎಂದು ತಲೆಯಾಡಿಸಿ, ಸಗಣಿ ರಾಶಿಯ ಹತ್ತಿರ ಹೋಗಿ ಹಾಯಾಗಿ ಉಸಿರೆಳೆದುಕೊಳ್ಳುತ್ತಿದ್ದರು.

"ಕಂಡೆಯೇನೇ ನನ್ನ ಬೆರಳಿನ ಚಮತ್ಕಾರ?" ಎಂದು ಅವನು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ. "ಮುಟ್ಟಿದರೆ ಸಾಕು, ಒಪ್ಪಿಬಿಡುತ್ತಾರೆ."

"ಮುಟ್ಟುವುದಕ್ಕೆ ಮುಂಚೆಯೇ ಒಪ್ಪಿರುತ್ತಾರೆ ಬಿಡಿ," ಎನ್ನುತ್ತಿದ್ದಳು ಅವಳು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದು ಮೀಸೆ ತಿರುವುತ್ತಿದ್ದ.

ವರ್ಷಗಳು ಕಳೆದವು. ಮೊದಲು ಒಸಡಿನಲ್ಲಿ ರಕ್ತ ಬಂತು. ಎಲೆಅಡಿಕೆಯ ಕೆಂಪಿನಲ್ಲಿ ಅದು ಅವನಿಗೆ ಕಾಣಲಿಲ್ಲ. ಆಮೇಲೆ ಎಡದವಡೆಯ ಹಲ್ಲುಗಳು ಅಲ್ಲಾಡಿದವು. ಅವನು ಬಲಗಡೆಯಿಂದ ಅಗಿದ. ಬಲಗಡೆಯೂ ನೋಯತೊಡಗಿದಾಗ ಅಗಿಯದೆಯೇ ನುಂಗಿದ. ಹೊಟ್ಟೆ ಉಬ್ಬರಿಸಿತು. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ. ಎತ್ತು ತುಳಿದಿದ್ದ ಪಾದದ ಗಾಯ ಮಾಯಲೇ ಇಲ್ಲ. ದಿಬ್ಬ ಹತ್ತುವಾಗ ಎದೆ ಹಿಡಿದುಕೊಂಡು ದಾರಿ ಬದಿಗೆ ಕೂರುತ್ತಿದ್ದ. ಎತ್ತುಗಳು ನಿಂತು ಅವನಿಗಾಗಿ ಕಾಯುತ್ತಿದ್ದವು.

ಸಂತೆಗೆ ನಡೆಯಲಾಗದವನು ಎಂಥ ವ್ಯಾಪಾರಿ? ಆದರೆ ಅದಕ್ಕಿಂತ ದೊಡ್ಡ ಚಿಂತೆ ಬಂದು ಆ ಚಿಂತೆಯೂ ಹಿಂದೆ ಬಿತ್ತು. ಹೀಗೇ ಹೋದರೆ ಮುಂದಿನ ಸುಗ್ಗಿ ಕಾಣುವುದಿಲ್ಲ ಎಂದು ಅವನಿಗೆ ಅನಿಸಿತು. ಅವನು ಅದನ್ನು ಹೆಂಡತಿಗೆ ಹೇಳಲಿಲ್ಲ. ಅವಳಿಗೂ ಹಾಗೆಯೇ ಅನಿಸಿತ್ತು. ಅವಳೂ ಹೇಳಲಿಲ್ಲ.

ಮೂವರು ವೈದ್ಯರನ್ನು ಕಂಡದ್ದಾಯಿತು. ಒಬ್ಬ ಹೊಟ್ಟೆಗೆ ಕಷಾಯ ಕೊಟ್ಟ. ಒಬ್ಬ ಗಾಯಕ್ಕೂ ದಾಹಕ್ಕೂ ಮದ್ದು ಕೊಟ್ಟ. ಒಬ್ಬ ಜ್ವರಕ್ಕೆ ಪುಡಿ ಕೊಟ್ಟ. ಮೂವರೂ ಬಲ್ಲವರೇ. ಆದರೆ ಹೊಟ್ಟೆ ಒತ್ತಿದವನು ಕಾಲಿನ ಬಳಿ ಕುಳಿತು ಒತ್ತಿದ. ಗಾಯ ನೋಡಿದವನು ಪಾದ ಬಿಟ್ಟು ಮೇಲಕ್ಕೆ ಬರಲೇ ಇಲ್ಲ. ನಾಡಿ ಹಿಡಿದವನು ತೋಳನ್ನು ಪೂರ್ತಿ ಚಾಚಿ, ಮುಖವನ್ನು ಗೋಡೆಗೆ ತಿರುಗಿಸಿ ಹಿಡಿದ. ಬಾಯಿ ತೆರೆ ಎನ್ನುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಸಂತೆಯಲ್ಲಿ ಅವನನ್ನು ಗೆಲ್ಲಿಸಿದ ಗಾಳಿಯೇ ವೈದ್ಯರನ್ನೂ ದೂರ ನಿಲ್ಲಿಸಿತು.

ಒಂದು ಸಂತೆಯ ದಿನ ಹೆಂಡತಿ ಅವನನ್ನು ಗಾಡಿಯಲ್ಲಿ ಮಲಗಿಸಿ ತಾನೇ ಗಾಡಿ ಹೊಡೆದುಕೊಂಡು ಹೊರಟಳು. ಎತ್ತು ಕೊಳ್ಳುವುದಕ್ಕೆ ಹೋಗುತ್ತಿದ್ದೇವೆ ಎಂದು ಅವನು ತಿಳಿದ. ಅವಳು ಸಂತೆಯ ನಡುವೆ ಎತ್ತು ಕಟ್ಟುವ ಗೂಟದ ಪಕ್ಕ ಅವನನ್ನು ಕೂರಿಸಿದಳು. ಹೋಗಿ ಒಬ್ಬ ಮುದುಕ ದಲ್ಲಾಳಿಯನ್ನು ಕರೆತಂದಳು. ಈ ದಲ್ಲಾಳಿ ನಸ್ಯ ಏರಿಸಿ ಏರಿಸಿ ಮೂಗಿಗೆ ಎಂದೋ ಬೀಗ ಹಾಕಿಕೊಂಡವನು. ಮಲ್ಲಿಗೆಗೂ ಒಣಮೀನಿಗೂ ಅವನಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಇಡೀ ಸಂತೆಯಲ್ಲಿ ವ್ಯಾಪಾರಿಯ ಹತ್ತಿರ ಬರಬಲ್ಲವನು ಅವನೊಬ್ಬನೇ.

"ಅಣ್ಣಾ, ಒಂದು ಎತ್ತು ಮಾರಬೇಕು," ಎಂದಳು.

"ಎಲ್ಲಿದೆಯಮ್ಮ ಎತ್ತು?"

"ಇಗೋ, ಇಲ್ಲೇ ಕೂತಿದೆ. ತುಂಬ ವರ್ಷ ನಮ್ಮ ಮನೆಯಲ್ಲೇ ಮೇದದ್ದು. ಹಾಯುವುದಿಲ್ಲ, ಒದೆಯುವುದಿಲ್ಲ. ಹೇಳಿದ ಮಾತು ಮಾತ್ರ ಕೇಳುವುದಿಲ್ಲ. ನೋಡಿ ಬೆಲೆ ಕಟ್ಟು."

ಸುತ್ತಲಿನವರು ಗೊಳ್ಳೆಂದು ನಕ್ಕರು. "ಏನೇ ಇದು, ತಲೆ ನೆಟ್ಟಗಿದೆಯಾ ನಿನಗೆ?" ಎಂದು ವ್ಯಾಪಾರಿ ಏಳಲು ನೋಡಿದ. ಕಾಲು ಏಳಗೊಡಲಿಲ್ಲ. ದಲ್ಲಾಳಿಗೂ ತಮಾಷೆ ಅನಿಸಿತು. ಎತ್ತಿಗೆ ಮಾಡುವ ಹಾಗೆ ಒಂದು ಕೈಯಲ್ಲಿ ವ್ಯಾಪಾರಿಯ ಮೂಗು ಹಿಡಿದ, ಇನ್ನೊಂದರಲ್ಲಿ ಕೆಳತುಟಿ ಎಳೆದ, ಬಗ್ಗಿ ನೋಡಿದ.

ದಲ್ಲಾಳಿಯ ನಗು ನಿಂತಿತು. ಮೇಲ್ತುಟಿಯನ್ನೂ ಎತ್ತಿ ನೋಡಿದ. ಒಂದು ಹಲ್ಲನ್ನು ಉಗುರಿನ ತುದಿಯಿಂದ ಮುಟ್ಟಿದ. ಅದು ದನದ ಕೊರಳ ಗಂಟೆಯ ನಾಲಿಗೆಯ ಹಾಗೆ ತೂಗಿತು.

ಅವನು ಹೆಗಲ ಟವಲು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದ. ವ್ಯಾಪಾರಿ ಅಭ್ಯಾಸಬಲದಿಂದ ಬೆರಳು ನೀಡಿ ಕಾದ. ದಲ್ಲಾಳಿ ಒಂದು ಬೆರಳನ್ನೂ ಹಿಡಿಯಲಿಲ್ಲ. ಅಂಗೈಯನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡ. ಆ ಸಂತೆಯಲ್ಲಿ ಅದಕ್ಕೆ ಒಂದೇ ಅರ್ಥ: ಈ ದನ ನನಗೆ ಬೇಡ. ವ್ಯಾಪಾರಿ ಎಷ್ಟೋ ಜನರಿಗೆ ಹಾಗೆ ಮಾಡಿದ್ದ. ಅವನಿಗೆ ಈವರೆಗೆ ಯಾರೂ ಮಾಡಿರಲಿಲ್ಲ.

"ಏನಪ್ಪಾ, ಒಂದು ಬೆರಳಿನಷ್ಟೂ ಬಾಳುವುದಿಲ್ಲವಾ ನಾನು?"

"ಒಸಡಿನ ತುಂಬ ಕೀವಿದೆ," ಎಂದ ದಲ್ಲಾಳಿ. "ಎತ್ತಿಗೆ ದೇವರು ಮೇಲುಗಡೆ ಮುಂದಿನ ಹಲ್ಲು ಕೊಡಲಿಲ್ಲ, ನಿನಗೆ ಕೊಟ್ಟ. ನೀನು ಅದನ್ನೂ ಕಳೆದುಕೊಂಡು ಎತ್ತಾಗಲು ಹೊರಟಿದ್ದೀಯ. ಈ ಕೊಳೆ ಅನ್ನದ ಜತೆ ಹೊಟ್ಟೆಗೆ ಇಳಿಯುತ್ತಿದೆ, ರಕ್ತದ ಜತೆ ಮೈಗೆಲ್ಲ ಹೋಗುತ್ತಿದೆ. ನೀನು ಕಾಲಿಗೆ ಲೇಪ ಬಳಿದುಕೊಂಡು ಕೂತಿದ್ದೀಯ. ನೀನೇ ಹೇಳು, ಇಂಥ ಬಾಯಿಯ ಎತ್ತು ಬಂದರೆ ಕೊಳ್ಳುತ್ತೀಯಾ?"

ವ್ಯಾಪಾರಿ ಹೆಂಡತಿಯ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಗಾಡಿ ಕಟ್ಟು," ಎಂದ.

ದಾರಿಯಲ್ಲಿ, ನಾಡಿ ಹಿಡಿದಿದ್ದ ವೈದ್ಯನ ಮನೆಯ ಮುಂದೆ ಗಾಡಿ ನಿಲ್ಲಿಸಲು ಹೇಳಿ, ಹೆಂಡತಿಯ ಹೆಗಲು ಹಿಡಿದು ಒಳಗೆ ಹೋದ. "ಸ್ವಾಮಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕರ್ಪೂರ ಬೇಕಾದರೂ ಹಿಡಿದುಕೊಳ್ಳಿ, ಆದರೆ ಬಾಯಿ ನೋಡಿ," ಎಂದು ನೆಲದ ಮೇಲೆ ಕೂತು ಬಾಯಿ ತೆರೆದ. ವೈದ್ಯ ಬಟ್ಟೆ ಕಟ್ಟಿಕೊಂಡು ನೋಡಿದ. ಉಳಿಯಲಾರದ ಹಲ್ಲುಗಳನ್ನು ಕಿತ್ತ. ಕೀವು ತೆಗೆದ. ಉಪ್ಪುನೀರು ಮುಕ್ಕಳಿಸಲು ಹೇಳಿದ. ಹೊಗೆಸೊಪ್ಪು ಬಿಡಿಸಿದ. ಬೆಳಗ್ಗೆ ಒಂದು ಸಲ, ರಾತ್ರಿ ಉಂಡ ಮೇಲೆ ಒಂದು ಸಲ ಹಲ್ಲುಜ್ಜಬೇಕು ಎಂದ.

"ರಾತ್ರಿ ಯಾಕೆ ಸ್ವಾಮಿ?" ಎಂದ ವ್ಯಾಪಾರಿ, ನೀನು ಕೇಳಿದ ಹಾಗೆಯೇ.

"ಹಗಲು ಬಾಯಲ್ಲಿ ಎಂಜಲು ಊರುತ್ತಿರುತ್ತದೆ, ಬಾಯಿ ತನ್ನನ್ನು ತಾನು ಅಷ್ಟಿಷ್ಟು ತೊಳೆದುಕೊಳ್ಳುತ್ತದೆ. ನಿದ್ದೆಯಲ್ಲಿ ಎಂಜಲು ಒಣಗುತ್ತದೆ. ಸಂದಿಯಲ್ಲಿ ಉಳಿದ ಅಗುಳು ಬೆಳಗಿನ ತನಕ ಕೂತು ಕೊಳೆಯುತ್ತದೆ."

"ಉಂಡ ತಟ್ಟೆ ತೊಳೆಯದೆ ನಾನು ಒಂದು ದಿನವಾದರೂ ಮಲಗಿದ್ದೇನಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ. ವೈದ್ಯ ನಗುತ್ತ ಕೈ ತೊಳೆಯಲು ಎದ್ದ.

ಮನೆಗೆ ಬಂದವಳೇ ಅವಳು ಎಲೆಅಡಿಕೆಯ ಚೀಲವನ್ನು ನೀರೊಲೆಗೆ ಹಾಕಿದಳು. ಮೊದಲ ಕೆಲವು ದಿನ ವ್ಯಾಪಾರಿ ಬೇವಿನ ಕಡ್ಡಿ ಕಚ್ಚಿ ಅಳುವ ಮುಖ ಮಾಡಿದ. ಒಸಡು ಉರಿಯಿತು, ರಕ್ತ ಬಂತು. ಬಿಡಲಿಲ್ಲ. ಸಂಜೆಯ ಜ್ವರ ಹೋಯಿತು. ಮೆತ್ತಗಿನ ಮುದ್ದೆ ಬಿಟ್ಟು ರೊಟ್ಟಿ ಕೇಳಿದ. ಇಷ್ಟು ದಿನ ಹಿಡಿಯದ ಹಳೆಯ ಮದ್ದೇ ಈಗ ಗಾಯಕ್ಕೂ ದಾಹಕ್ಕೂ ಹಿಡಿಯಿತು. ಹೋದ ಹಲ್ಲು ಬರಲಿಲ್ಲ. ಹೊಸ ಹಲ್ಲು ಬಂತು ಎಂದು ನಾನು ಹೇಳಬಹುದಿತ್ತು, ಆದರೆ ಗಂಟಲು ನೋಯುವಷ್ಟು ಕೆಮ್ಮಬೇಕಾಗುತ್ತದೆ.

ಮತ್ತೆ ಸಂತೆಗೆ ಹೋದ. ದಿಬ್ಬ ಹತ್ತಿದ, ಕೂರಲಿಲ್ಲ. ಒಬ್ಬ ರೈತನ ಜೋಡಿಯೆತ್ತು ಮೆಚ್ಚಿ ಟವಲಿನ ಕೆಳಗೆ ಬೆರಳು ಹಿಡಿದ. ರೈತ ಹೂಂ ಎನ್ನಲಿಲ್ಲ. ಓಡಿಹೋಗಲೂ ಇಲ್ಲ. ತಾನೊಂದು ಬೆರಳು ಹಿಡಿದ, ಬಿಟ್ಟ, ಮತ್ತೊಂದು ಹಿಡಿದ, ನಡುವೆ ಮಗಳ ಮದುವೆಯ ವಿಷಯ ತೆಗೆದ, ಹಿತವಾದ ನೆರಳಿನಲ್ಲಿ ನಿಂತವನ ಹಾಗೆ ನಿಂತೇ ಇದ್ದ. ಹೊತ್ತು ನೆತ್ತಿಗೆ ಬಂದಾಗ ಸೋತವನು ವ್ಯಾಪಾರಿ.

ಮನೆಗೆ ಬಂದು ಬಚ್ಚಲ ಕಟ್ಟೆಯ ಮೇಲೆ ಕೂತ. "ನನ್ನ ಬೆರಳಿನ ಚಮತ್ಕಾರ ಹೋಯಿತು ಕಣೇ," ಎಂದ.

"ಅದು ಯಾವತ್ತು ಬೆರಳಿನಲ್ಲಿತ್ತು?" ಎಂದಳು ಹೆಂಡತಿ.

ಆಗ ಅವನಿಗೆ ಎಲ್ಲ ತಿಳಿಯಿತು. ಊಟ ಮುಗಿಸಿ ಮತ್ತೆ ಕಟ್ಟೆಗೆ ಬಂದು ಕೂತ. ಕೈಯಲ್ಲಿ ಬೇವಿನ ಕಡ್ಡಿ ಇತ್ತು. ಕೆಲವು ದಿನ ಇದನ್ನು ಮುಟ್ಟದಿದ್ದರೆ ಹಳೆಯ ವ್ಯಾಪಾರ ತಾನಾಗಿ ಮರಳುತ್ತದೆ. ವ್ಯಾಪಾರಿ ಹೆಗಲ ಟವಲನ್ನು ತೊಡೆಯ ಮೇಲೆ ಹಾಸಿ, ಅದರ ಕೆಳಗೆ ತನ್ನ ಬಲಗೈಯಿಂದ ತನ್ನದೇ ಎಡಗೈಯ ಬೆರಳು ಹಿಡಿದ. ಬಿಟ್ಟ. ಇನ್ನೊಂದು ಹಿಡಿದ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

"ಎಷ್ಟಕ್ಕೆ ಕುದುರಿತು?" ಎಂದು ಕೊನೆಗೆ ಕೇಳಿದಳು.

"ಈ ಎತ್ತು ಮಾರುವುದಕ್ಕಲ್ಲ," ಎಂದ ವ್ಯಾಪಾರಿ. ಕಡ್ಡಿಯ ತುದಿ ಜಜ್ಜಿ ಹಲ್ಲುಜ್ಜತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

"ಎಂಥ ಪೆದ್ದ, ಗುರುಗಳೇ!" ಎಂದು ಶಿಷ್ಯ ಜೋರಾಗಿ ನಕ್ಕ. "ಸೀಮೆಯ ಎತ್ತುಗಳ ಬಾಯೆಲ್ಲ ನೋಡಿದವನಿಗೆ ತನ್ನ ಬಾಯಿ ಕಾಣಲಿಲ್ಲವ!"

ಗುರುಗಳು ಅವನ ಮುಖವನ್ನೇ ನೋಡಿದರು. ಆಮೇಲೆ ಕೇಳಿದರು:

"ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದೆಯಲ್ಲ ಮಗೂ, ಅದು ಯಾಕೆ?"