ಮುಚ್ಚಬೇಡಿ ಅಂದ ಕಿಟಕಿ

"ಇದನ್ನ ಮುಚ್ಚಬೇಡಿ, ಈಗ ಬಂದೆ."

ಗವಿರಂಗನಿಗೆ ಹೆಂಡತಿ ಭೂದೇವಿ ಹೇಳಿದ ಕೊನೇ ಮಾತು ಇದು. ಎದೆ ಹಿಡಿದುಕೊಂಡು ಕುರ್ಚಿಯಿಂದ ಎದ್ದಳು. ಆಟೋ ಹತ್ತಿದಳು. ಅತ್ತೆ ಕೆಂಚಮ್ಮನೂ ಜೊತೆಗೆ ಹೋದಳು. ಗವಿರಂಗ ಹೋಗಲಿಲ್ಲ. ಮುಚ್ಚಬೇಡಿ ಅಂದಳಲ್ಲ, ಕಾವಲು ಕೂತ. ಭೂದೇವಿ ವಾಪಸು ಬರಲಿಲ್ಲ.

ಗವಿರಂಗ ಅಂದರೆ ಅಂಥವನು, ಕೇಳಿ.

ಕೆಂಚಮ್ಮನಿಗೆ ಅವನು ಒಬ್ಬನೇ ಮಗ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮನೆಗಳ ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದ. ಕೈ ಬಂಗಾರ. ತಲೆ ಮಾತ್ರ ಹೇಳಿದ್ದಕ್ಕೆ ಹೇಳಿದಷ್ಟೇ. "ಒಂದು ಟೈಲ್ಸೂ ಒಡೀಬಾರದಪ್ಪ" ಅಂದರು ಒಬ್ಬ ಮೇಷ್ಟ್ರು. ಇವನು ಒಂದನ್ನೂ ಕತ್ತರಿಸಲಿಲ್ಲ. ಗೋಡೆ ಪಕ್ಕ ಗೇಣು ನೆಲ ಹಾಗೇ ಬಿಟ್ಟ. ಉಳಿದ ಟೈಲ್ಸನ್ನು ಒರೆಸಿ ಮೇಷ್ಟ್ರ ಕೈಗೆ ಕೊಟ್ಟ. "ನೋಡ್ಕಳಿ ಸಾ, ಒಂದೂ ಒಡೆದಿಲ್ಲ!"

"ಅಯ್ಯೋ, ನಾನು ಹೆತ್ತಿದ್ದು ಮಗನನ್ನೋ ಬೀಸೋಕಲ್ಲನ್ನೋ!" ಕೆಂಚಮ್ಮ ಹಣೆ ಚಚ್ಚಿಕೊಂಡಳು. ಆವತ್ತಿನಿಂದ ಚಚ್ಚಿಕೊಳ್ಳುತ್ತಲೇ ಇದ್ದಾಳೆ.

ಭೂದೇವಿ ಚಚ್ಚಿಕೊಳ್ಳಲಿಲ್ಲ. ನಕ್ಕಳು. ಅವಳು ಡಿಪ್ಲೊಮಾ ಓದಿದವಳು. ಊರಿನ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ವಿಚಾರಣೆ ಗೂಡು ಅವಳದು. ಗೂಡಿನ ಒಳಗೆ ಕಂಪ್ಯೂಟರು. ಹೊರಗೆ ಎತ್ತರದಲ್ಲಿ ದೊಡ್ಡ ಟೀವಿ. ಒಳಗೆ ಏನು ತೆರೆದರೂ ಹೊರಗೂ ಕಾಣುತ್ತಿತ್ತು. ಬಸ್ಸು ಬಂದರೆ ಅದರ ಹೆಸರಿನ ಒಂದು ಕಿಟಕಿ ಪರದೆ ಮೇಲೆ ತೆರೆಯುತ್ತದೆ. ಹೋಗೋ ಊರು, ಹೊರಡೋ ಹೊತ್ತು ಅದರಲ್ಲಿ. ಬಸ್ಸು ಹೊರಟರೆ ಕಿಟಕಿ ಮುಚ್ಚುತ್ತದೆ. ಆ ಕಿಟಕಿಗಳು ಒಂದರ ಮೇಲೊಂದು ಬೀಳಬಾರದು, ಟೈಲ್ಸ್ ಕೂರಿಸಿದ ಹಾಗೆ ಪಕ್ಕಪಕ್ಕ ಕೂರಬೇಕು. ಕೂರಿಸೋ ಪ್ರೋಗ್ರಾಮು ಭೂದೇವಿಯೇ ಬರೆದದ್ದು. ಗಂಡನ ಕೆಲಸ ನೋಡಿ ಹೊಳೆಯಿತಂತೆ. ಅಪ್ಪಣೆಗಳನ್ನು ಕನ್ನಡದಲ್ಲೇ ಬರೆದಳು, ಸಾಲಿಗೊಂದು, ಅವನೂ ಓದಲಿ ಅಂತ.

"ನೋಡಿ, ಇದೂ ನಿಮ್ಮ ಥರಾನೇ. ಹೇಳಿದಷ್ಟೇ ಮಾಡೋದು" ಅಂದಿದ್ದಳು.

"ಹಂಗಾರೆ ಒಳ್ಳೇದೇ" ಅಂದಿದ್ದ ಗವಿರಂಗ.

ಆವತ್ತು, ಎದೆ ಹಿಡಿದುಕೊಂಡು ಎದ್ದ ದಿನ, ಅವಳು ಅದೇ ಕಂಪ್ಯೂಟರಿನಲ್ಲಿ ಒಂದು ಕಿಟಕಿ ತೆರೆದು ಮನೆಗೆ ತರೋ ಸಾಮಾನಿನ ಪಟ್ಟಿ ಟೈಪು ಹೊಡೆಯುತ್ತಿದ್ದಳು. ಬೆಲ್ಲ. ಹುಣಸೆಹಣ್ಣು. ಅತ್ತೆಗೆ ಕನ್ನಡಕ. ಇವರಿಗೆ...

ಇವರಿಗೆ ಅಂತ ಹೊಡೆದು ಎದ್ದಳು. ಇವರಿಗೆ ಏನು? ಅದನ್ನು ಹೊಡೆಯಲಿಲ್ಲ.

ಅವಳು ಹೋದ ಮೇಲೆ ಗವಿರಂಗ ಒಂದು ವಿಷಯ ಕಂಡ. ಪ್ರೋಗ್ರಾಮಿನಲ್ಲಿ ಹೀಗೆ ಇತ್ತು: ಬಸ್ಸು ಹೋದರೆ, ಎಲ್ಲಕ್ಕಿಂತ ಮೊದಲು ತೆರೆದ ಕಿಟಕಿ ಮುಚ್ಚು. ಬಸ್ಸುಗಳು ಬಂದ ಪಾಳಿಯಲ್ಲೇ ಹೊರಡುತ್ತವೆ, ಅದಕ್ಕೆ ಸರಿಯೇ. ಆದರೆ ಪಟ್ಟಿ ಬಸ್ಸಲ್ಲವಲ್ಲ! ಅದಕ್ಕಿಂತ ಮುಂಚೆ ಬಂದಿದ್ದ ಎರಡು ಬಸ್ಸು ಆಗಲೇ ಹೊರಟಿದ್ದವು. ಇನ್ನೊಂದು ಹೊರಟರೆ ಪಟ್ಟಿ ಮುಚ್ಚಿಹೋಗುತ್ತದೆ. ಗೇಟಿನಲ್ಲಿ ಏಜೆಂಟ್ ಬೋರಲಿಂಗ "ಹೋಗ್ಲಿ, ರೈಟ್!" ಅಂತ ಕೂಗಿ ಬಸ್ಸು ಹೋಯಿತು ಅಂತ ಯಂತ್ರಕ್ಕೆ ತಿಳಿಸೋ ಗುಂಡಿ ಒತ್ತೋದಕ್ಕೆ ಕೈ ಎತ್ತಿದ್ದ.

ಗವಿರಂಗ ಕುರ್ಚಿಗೆ ಹಾರಿ ಕೂತ. 'ಮುಚ್ಚು' ಅಂತ ಇದ್ದದ್ದನ್ನು ಅಳಿಸಿದ. 'ಯಾವುದನ್ನೂ ಮುಚ್ಚಬೇಡ' ಅಂತ ಹೊಡೆದ.

ಅವನು ಹಾಗೇ ಬರೆದ. ಯಂತ್ರ ಹಾಗೇ ಮಾಡಿತು.

ಭೂದೇವಿಯ ಹನ್ನೊಂದನೇ ದಿನದ ತಿಥಿ ಮುಗಿಸಿ ಬಂದು ನೋಡಿದರೆ ಹನ್ನೊಂದು ದಿನದ ಬಸ್ಸುಗಳೆಲ್ಲ ಪರದೆ ಮೇಲೆ ಕೂತಿವೆ. ಒಂದೂ ಹೋಗಿಲ್ಲ. ಒಂದೊಂದು ಕಿಟಕಿ ಹುಣಸೆಬೀಜದಷ್ಟು. ಜನ ಕತ್ತು ಚಾಚಿ ನೋಡುತ್ತಿದ್ದಾರೆ.

"ಕಲ್ಲುಗುಡಿ ಬಸ್ಸು ಐತೆ ಅಂತ ಬೋರ್ಡಲ್ಲಿ ಐತೆ. ಎಲ್ಲಪ್ಪ ಬಸ್ಸು?"

"ಅದು ಹೋದ ಮಂಗಳವಾರದ್ದು ಕಣಜ್ಜಿ!" ಅಂದ ಬೋರಲಿಂಗ.

"ಮಂಗಳವಾರದಿಂದ ನಿಂತೈತಾ? ಪಾಪ, ಡ್ರೈವರಿಗೆ ಊಟ ಆಯ್ತಾ?"

ಕೆಂಚಮ್ಮ ಆ ಪರದೆ ಕೆಳಗೇ ಬೇಯಿಸಿದ ಕಡ್ಲೆಕಾಯಿ ಮಾರುತ್ತಾಳೆ. ಸೇರು ಕೆಳಗಿಟ್ಟು ಎದ್ದು ಬಂದಳು. ಹಣೆ ಚಚ್ಚಿಕೊಂಡಳು.

"ಏನ್ಲಾ ಇದು! ಹೋದೋರು ಹೋದ್ರು ಅಂತ ಗೊತ್ತಾಗಬ್ಯಾಡ್ವಾ? ಹೋದ ಬಸ್ಸಿನ ಜಾಗ ಖಾಲಿ ಮಾಡ್ಬೇಕು ಕಣ್ಲಾ, ಖಾಲಿ!"

"ಹೂಂ ಅವ್ವ. ಹಂಗೇ ಮಾಡ್ತೀನಿ."

'ಯಾವ ಬಸ್ಸು ಹೋಯಿತೋ ಅದರ ಜಾಗ ಖಾಲಿ ಮಾಡು.' ಅವನು ಹಾಗೇ ಬರೆದ. ಯಂತ್ರ ಹಾಗೇ ಮಾಡಿತು.

ಬಸ್ಸು ಹೋಯಿತು, ಜಾಗ ಖಾಲಿ. ಇನ್ನೊಂದು ಹೋಯಿತು, ಅದರದೂ ಖಾಲಿ. ಖಾಲಿ ಮಾಡು ಅಂದಳೇ ಹೊರತು, ಬೇರೆಯವರನ್ನು ಕೂರಿಸು ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪರದೆ ತುಂಬ ಕಪ್ಪು ಚೌಕಗಳು. ಹೊಸ ಬಸ್ಸುಗಳೆಲ್ಲ ಬಲಗಡೆ ಅಂಚಿನಲ್ಲಿ ಉಸಿರುಕಟ್ಟಿ ನಿಂತಿವೆ. 'ಹುಲ್ಲೇಕೆರೆ' ಅನ್ನೋದು ಅಕ್ಷರಕ್ಕೊಂದು ಸಾಲಾಗಿ ಮೇಲಿಂದ ಕೆಳಕ್ಕೆ ಇಳಿದಿದೆ. ನಡುವೆ ಒಂದೇ ಒಂದು ಕಿಟಕಿ ನೆಟ್ಟಗೆ ಓದೋ ಹಾಗೆ ಇದೆ. ಬೆಲ್ಲ. ಹುಣಸೆಹಣ್ಣು.

"ಈ ಹುಣಸೆಹಣ್ಣು ಯಾವ ಕಡೆ ಬರುತ್ತೆ ಸಾರ್?" ಅಂತ ಚೀಲ ಹೊತ್ತ ಒಬ್ಬ ಗೂಡಿಗೆ ಬಂದು ಕೇಳಿದ.

"ನಮ್ಮನೆ ಕಡೆ" ಅಂದ ಗವಿರಂಗ.

ಬಸ್ ಮಾಲೀಕರ ಸಂಘದ ಅಧ್ಯಕ್ಷರು ಶಾಂತವೀರಪ್ಪ ಬಂದರು. ಪರದೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ನೋಡು ಗವಿರಂಗ. ನಿನ್ನ ಮನೆಯವಳ ಮೇಲಿನ ಮರ್ಯಾದೆಗೆ ಸುಮ್ಮನಿದೀನಿ. ಪ್ರೋಗ್ರಾಮಲ್ಲಿ ಬಗ್ ಇದ್ದರೆ ತೆಗಿ. ಸೋಮವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ತಂತಿ ಕೀಳಿಸ್ತೀನಿ. ಬೇರೆಯವರ ಬೋರ್ಡು ಬರುತ್ತೆ."

ತಂತಿ ಕಿತ್ತರೆ ಪಟ್ಟಿ ಹೋಯಿತು.

"ಒಂದು ಚೀಟೀಲಿ ಬರ್ಕೊಳ್ಳೋ ಮಾರಾಯ! ನಾಕು ಸಾಲು" ಅಂದ ಬೋರಲಿಂಗ.

"ಬರ್ಕಳಿ ಅನ್ನಲಿಲ್ಲ ಅವಳು. ಮುಚ್ಚಬೇಡಿ ಅಂದ್ಲು."

ಕೆಂಚಮ್ಮ ಹಣೆ ಚಚ್ಚಿಕೊಂಡಳು. "ಜಾಗ ಖಾಲಿ ಬಿಟ್ಟು ಕೂತಿದ್ದೀಯಲ್ಲೋ, ಕಲ್ಲುಮುಂಡೇದೆ! ಬಸ್ಸಲ್ಲಿ ಸೀಟು ಖಾಲಿಯಾದ್ರೆ ಏನು ಮಾಡ್ತಾರೆ? ಪಕ್ಕದಲ್ಲಿದ್ದೋರು ಸರೀತಾರಾ ಇಲ್ವಾ?"

"ಸರೀತಾರೆ ಅವ್ವ. ಹಂಗೇ ಮಾಡ್ತೀನಿ."

'ಜಾಗ ಖಾಲಿಯಾದರೆ ಪಕ್ಕದವರು ಅಲ್ಲಿಗೆ ಸರಿಯಿರಿ.' ಅವನು ಹಾಗೇ ಬರೆದ. ಯಂತ್ರ ಹಾಗೇ ಮಾಡಿತು.

ಕಲ್ಲುಗುಡಿ ಬಸ್ಸು ಹೊರಟಿತು. ಎಡಗಡೆಯದು ಅಲ್ಲಿಗೆ ಸರಿಯಿತು. ಬಲಗಡೆಯದೂ ಸರಿಯಿತು. ಎರಡೂ ಒಂದೇ ಜಾಗದಲ್ಲಿ, ಒಂದರ ತೊಡೆ ಮೇಲೆ ಒಂದು! ಅವುಗಳ ಜಾಗ ಖಾಲಿಯಾಯಿತಲ್ಲ, ಅದರ ಪಕ್ಕದವು ಸರಿದವು. ಅವುಗಳ ಜಾಗ ಖಾಲಿ. ಅದರ ಪಕ್ಕದವು ಸರಿದವು. ಸರಿದದ್ದೇ ಸರಿದದ್ದು. ನಿಲ್ಲಿ ಅಂತ ಯಾರೂ ಹೇಳಿಲ್ಲವಲ್ಲ! ಊರುಗಳೆಲ್ಲ ಪರದೆ ಮೇಲೆ ಕುಣಿಯುತ್ತಿವೆ. ಬೆಲ್ಲ ಆ ಕಡೆ ಹಾರಿತು, ಈ ಕಡೆ ಹಾರಿತು. ಓದೋದಕ್ಕೆ ಜನವೂ ಆ ಕಡೆ ಓಡಿದರು, ಈ ಕಡೆ ಓಡಿದರು. ಕಡ್ಲೆಕಾಯಿ ಬುಟ್ಟಿ ಮಗುಚಿತು. ಒಬ್ಬ ಮುದುಕಪ್ಪ ತಲೆ ಸುತ್ತಿ ಕೂತುಬಿಟ್ಟ. "ನಾನಿನ್ನೂ ಬಸ್ಸೇ ಹತ್ತಿಲ್ಲ, ಆಗ್ಲೇ ವಾಂತಿ ಬರ್ತೈತಲ್ಲಪ್ಪೋ!"

"ನಿನ್ನ ತಲೆ ಕಾಯ!" ಕೆಂಚಮ್ಮ ಮಣ್ಣಿನಿಂದ ಕಡ್ಲೆಕಾಯಿ ಆರಿಸುತ್ತಲೇ ಬೈದಳು. "ಎಲ್ಲಾರೂ ಎದ್ದು ಕುಣಿಯೋದೇನ್ಲಾ! ಒಂದು ನ್ಯಾಯ ಬ್ಯಾಡ್ವಾ? ಮೊದಲು ಬಂದೋರಿಗೆ ದೊಡ್ಡ ಜಾಗ. ಆಮೇಲೆ ಬಂದೋರು ಉಳಿದದ್ರಲ್ಲಿ ಕೂರ್ಬೇಕು. ಅಷ್ಟೇ!"

"ಹೂಂ ಅವ್ವ. ಹಂಗೇ ಮಾಡ್ತೀನಿ."

ಅವನು ಹಾಗೇ ಬರೆದ. ಯಂತ್ರ ಹಾಗೇ ಮಾಡಿತು.

ಎಲ್ಲರಿಗಿಂತ ಮೊದಲು ಬಂದವರು ಯಾರು? ಭೂದೇವಿಯ ಪಟ್ಟಿ!

ಪರದೆ ತುಂಬ ಪಟ್ಟಿ. ಬಸ್ಸುಗಳೆಲ್ಲ ಕೆಳಗೆ ಒಂದು ಗೆರೆಯಾಗಿ, ಸೀರೆ ಅಂಚಿನ ಹಾಗೆ. ಒಂದೊಂದು ಅಕ್ಷರ ಒನಕೆ ಗಾತ್ರ. ಇಡೀ ಬಸ್ ಸ್ಟ್ಯಾಂಡು ತಲೆ ಎತ್ತಿ ಓದಿತು.

"ಬೆಲ್ಲ!"

"ಹುಣಸೆಹಣ್ಣು!"

"ಅತ್ತೆಗೆ ಕನ್ನಡಕ!"

"ಇವರಿಗೆ... ಇವರಿಗೆ ಏನು?"

"ಇವರಿಗೆ ಬುದ್ಧಿ! ಅದನ್ನೇ ಹೊಡೆಯೋಕೆ ಹೋಗಿದ್ಲು ತಾಯಿ" ಅಂದ ಬೋರಲಿಂಗ. ಜನ ಬಿದ್ದುಬಿದ್ದು ನಕ್ಕರು.

ಗವಿರಂಗ ನಿಧಾನಕ್ಕೆ ಯೋಚನೆ ಮಾಡಿದ. "ಇರಾಕಿಲ್ಲ. ಅದು ಅಂಗಡೀಲಿ ಸಿಗಾಕಿಲ್ಲ ಅಂತ ಅವಳಿಗೆ ಗೊತ್ತಿತ್ತು."

ನಗು ನಿಂತಿತು.

ಕೆಂಚಮ್ಮನಿಗೆ ಓದು ಬರುವುದಿಲ್ಲ. ಕಣ್ಣೂ ಮಂಜು. ಹಣೆಗೆ ಎತ್ತಿದ ಕೈ ಅಲ್ಲೇ ನಿಂತಿತು.

"ಅತ್ತೆಗೆ ಅಂದ್ರೆ... ನಂಗಾ?"

"ಇನ್ಯಾರಿಗೆ ಕೆಂಚಮ್ಮ!" ಅಂದ ಬೋರಲಿಂಗ.

"ಒಂದಿನ ಕಡ್ಲೆಕಾಯಿ ಜೊತೆ ಕಲ್ಲು ಅಳೆದು ಕೊಟ್ಟೆ ಅಂತ ನಗಾಡಿದ್ಲು" ಅಂದಳು ಕೆಂಚಮ್ಮ. "ನಗಾಡಿದ್ಲು ಅಷ್ಟೇ ಅಂದ್ಕಂಡಿದ್ದೆ."

ಸೆರಗಿನಿಂದ ಮುಖ ಒರೆಸಿಕೊಂಡಳು. ಗೂಡಿನೊಳಗೆ ಬಂದು ಸೊಸೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಈ ಸಲ ಬೈಯಲಿಲ್ಲ.

"ಮಗಾ. ಮುಚ್ಚಬೇಡಿ ಅಂದ್ಲು, ಸರಿ. ದೊಡ್ಡದು ಮಾಡಿ ಅಂದ್ಲಾ?"

"ಇಲ್ಲ."

"ಬಸ್ಸುಗಳನ್ನ ಕಟ್ಟಾಕಿ ಅಂದ್ಲಾ?"

"ಇಲ್ಲ."

"ಬಚ್ಚಲಿಗೆ ಟೈಲ್ಸ್ ಹಾಕ್ತೀಯಲ್ಲ, ನೀರು ಹೋಗೋ ಜಾಲರಿ ಎಲ್ಲಿಡ್ತೀಯ?"

"ಮೂಲೇಲಿ. ಅದನ್ನ ಮೊದಲು ಕೂರಿಸ್ತೀನಿ. ಆಮೇಲೆ ಅದು ಅಲ್ಲಾಡಂಗಿಲ್ಲ. ಉಳಿದ ಟೈಲ್ಸು ಅದನ್ನ ಬಿಟ್ಟು ಬರ್ತವೆ."

ಹೇಳಿದವನು ಯಂತ್ರದ ಕಡೆ ತಿರುಗಿದ. ಆಮೇಲೆ ಹೊಡೆದ, ಒಂದೊಂದೇ ಅಕ್ಷರ. ಪಟ್ಟಿ ಮೂಲೆಯಲ್ಲಿ ಇರಲಿ. ಸಣ್ಣದಾಗಿ ಇರಲಿ. ಅದು ಪಾಳಿಯಲ್ಲಿ ಇಲ್ಲ, ಅದನ್ನು ಎಣಿಸಬೇಡ, ಸರಿಸಬೇಡ, ಮುಚ್ಚಬೇಡ. ಉಳಿದದ್ದು ಭೂದೇವಿ ಬರೆದ ಹಾಗೇ.

ಯಂತ್ರ ಹಾಗೇ ಮಾಡಿತು.

ಬಸ್ಸು ಬಂತು, ಕಿಟಕಿ ತೆರೆಯಿತು. ಬಸ್ಸು ಹೋಯಿತು, ಕಿಟಕಿ ಮುಚ್ಚಿತು. ಉಳಿದವು ಸರಿದು ಕೂತವು. ಒಂದು ಸಲ, ತೆಪ್ಪಗೆ. ಕೆಳಗೆ ಎಡಮೂಲೆಯಲ್ಲಿ ಅಂಗೈಯಷ್ಟು ಪಟ್ಟಿ. ಭಾನುವಾರ ಸಂಜೆ ಶಾಂತವೀರಪ್ಪ ಬಂದು ಅರ್ಧ ಗಂಟೆ ನಿಂತು ನೋಡಿದರು. ನಾಲ್ಕು ಬಸ್ಸು ಹೋದವು, ಮೂರು ಬಂದವು. ತಪ್ಪು ಸಿಗಲಿಲ್ಲ.

"ಆ ಮೂಲೇಲಿ ಅದೇನು?"

"ಅದು ನಮ್ಮದು ಸಾ."

ಅವರು ಮೂಲೆ ನೋಡಿದರು. ಗವಿರಂಗನನ್ನ ನೋಡಿದರು. "ಇರಲಿ ಬಿಡು. ತಂತಿ ಕೀಳಿಸಲ್ಲ" ಅಂದು ಹೋದರು.

ಗೂಡಿನ ಬಾಗಿಲು ಹಾಕುವಾಗ ಕೆಂಚಮ್ಮ ಅಂದಳು, "ಬೆಳಿಗ್ಗೆ ಎದ್ದು ಆ ಪಟ್ಟೀಲಿರೋ ಸಾಮಾನು ತಂದ್ಬುಡು ಮಗಾ. ಅವಳ ಕೆಲಸ ಒಂದು ಮುಗೀಲಿ. ಬರೆದಷ್ಟೇ ತಾ. ಅದಕ್ಕಿಂತ ಹೆಚ್ಚು ತರಬ್ಯಾಡ, ಒಂದನ್ನೂ ಬಿಡಬ್ಯಾಡ. ತಿಳೀತಾ?"

"ಹೂಂ ಅವ್ವ. ಹಂಗೇ ಮಾಡ್ತೀನಿ."

ಬೆಳಿಗ್ಗೆ ಎದ್ದ. ಕನ್ನಡಕದ ಅಂಗಡಿಗೆ ಹೋದ.

"ಯಾರಿಗೆ? ಕರ್ಕೊಂಡು ಬನ್ನಿ, ಕಣ್ಣು ನೋಡ್ಬೇಕು."

"ಕರ್ಕೊಂಡು ಬರೋದು ಪಟ್ಟೀಲಿ ಇಲ್ಲ. ಕನ್ನಡಕ ಅಷ್ಟೇ ಇರೋದು."

ಕೊಟ್ಟದ್ದನ್ನು ತಗೊಂಡ. ಅಲ್ಲಿಂದ ದಿನಸಿ ಅಂಗಡಿಗೆ ಬಂದ. ಬೆಲ್ಲ ತಗೊಂಡ. ಹುಣಸೆಹಣ್ಣು ತಗೊಂಡ. ಚೀಲಕ್ಕೆ ಹಾಕಿದ. ಅಲ್ಲೇ ನಿಂತ.

"ಇನ್ನೇನಪ್ಪ ಗವಿರಂಗ?" ಅಂದ ಅಂಗಡಿಯವನು.

"ಇವರಿಗೆ ಅಂತ ಒಂದು ಐತೆ."

"ಇವರಿಗೆ ಏನು?"

"ಅಷ್ಟೇ ಬರೆದವ್ಳೆ."

"ಅಷ್ಟಕ್ಕೆ ಏನು ಕೊಡಲೋ?"

"ಅಷ್ಟನ್ನೇ ಕಟ್ಟಿಕೊಡಿ. ಹೆಚ್ಚು ಬ್ಯಾಡ."

ಅಂಗಡಿಯವನು ಅವನ ಮುಖ ನೋಡಿದ. ಆಮೇಲೆ ಒಂದು ಹಾಳೆ ಹರಿದು ಪೊಟ್ಟಣ ಸುತ್ತಿದ. ಒಳಗೆ ಏನೂ ಹಾಕಲಿಲ್ಲ. ಬಾಯಿ ಮಡಿಸಿ ದಾರ ಸುತ್ತಿ ಗಂಟು ಹಾಕಿ ಕೊಟ್ಟ.

ಗವಿರಂಗ ಅದನ್ನು ಚೀಲಕ್ಕೆ ಹಾಕಲಿಲ್ಲ. ಬೆಲ್ಲದ ಭಾರಕ್ಕೆ ಅಪ್ಪಚ್ಚಿಯಾದೀತು. ಅಂಗಿ ಜೇಬಿನಲ್ಲಿ ಇಟ್ಟುಕೊಂಡು, ಮೇಲೆ ಅಂಗೈ ಮುಚ್ಚಿ, ಮನೆ ಕಡೆ ನಡೆದ. ದಾರಿಯಲ್ಲಿ ಎರಡು ಸಲ ನಿಂತು ತೆಗೆದು ನೋಡಿದ. ಗಂಟು ಬಿಗಿಯಾಗಿತ್ತು. ಒಂದು ಚೂರೂ ಚೆಲ್ಲಿರಲಿಲ್ಲ.